ಕಡಿಮೆ ದುಡ್ಡಿಗೆ ರೆಸ್ಯೂಮ್ ಮಾಡಿಕೊಡ್ತೀವಿ ಅನ್ನೋರಿಂದ ಹುಷಾರು: ಕಲಬುರಗಿ ಕಡೆಯವರು ದಯವಿಟ್ಟು ಓದಿ

ಕೆಲಸ ಹುಡುಕುತ್ತಿರುವ ಕಲಬುರಗಿ, ಬೀದರ್, ಯಾದಗಿರಿ ಕಡೆಯವರೆಲ್ಲ ಇದನ್ನು ಪೂರ್ತಿ ಓದಿ. 499 ರೂಪಾಯಿಗೆ ರೆಸ್ಯೂಮ್ ಮಾಡಿಕೊಡ್ತೀವಿ, ಇಂಟರ್‌ವ್ಯೂ ಗ್ಯಾರಂಟಿ ಅಂತ ಫೋನಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಆ ಜನ ನನ್ನಿಂದ ಒಟ್ಟು 2,499 ರೂಪಾಯಿ ಕಿತ್ತರು. ದುಡ್ಡಿನ ಸಂಕಟ ಒಂದು ಕಡೆ. ನನ್ನ ಹೆಸರಿನಲ್ಲಿ ಸುಳ್ಳು ಬರೆದು ಕಂಡಕಂಡ ಕಂಪನಿಗೆ ಕಳಿಸಿದ್ದಾರೆ. ಅದರ ಸಂಕಟ ಇನ್ನೂ ಜಾಸ್ತಿ.

ನಾನು ಬಿಕಾಂ ಓದಿದ್ದೇನೆ. ಇಲ್ಲೇ ಒಂದು ದಾಲ್ ಮಿಲ್ಲಿನ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಮಾಲೀಕರು ಮಿಲ್ ನಿಲ್ಲಿಸಿದರು, ನಾವೆಲ್ಲ ಮನೆಗೆ ಬಂದೆವು. ತಮ್ಮನಿಗೆ ಯುವನಿಧಿಯ 3,000 ರೂಪಾಯಿ ಬರುತ್ತಿತ್ತು. ತಿಂಗಳು ತಿಂಗಳು ತಪ್ಪದೆ ಮನೆಗೆ ಬರುವ ದುಡ್ಡು ಅಂದರೆ ಅದೊಂದೇ. ನನ್ನ ಬಯೋಡೇಟಾ ಹಳೆಯದು, ಕಾಲೇಜು ಮುಗಿದಾಗ ಮಾಡಿಸಿದ್ದು. ಎಲ್ಲಿ ಅಪ್ಲೈ ಮಾಡಿದರೂ ಉತ್ತರ ಬರುತ್ತಿರಲಿಲ್ಲ. ಅದನ್ನು ಸರಿ ಮಾಡಿಸಬೇಕು, ಆದರೆ ಬೆಂಗಳೂರಿನವರು ಕೇಳುವ ಸಾವಿರಾರು ರೂಪಾಯಿ ನಮ್ಮ ಕೈಲಿ ಆಗಲ್ಲ. ಆಗ ಈ ಜಾಹೀರಾತು ಬಂತು. 499 ಅಂದರೆ ತಮ್ಮ ತಾನೇ ಕೊಡ್ತೀನಿ ಅಂದ.

ರೆಸ್ಯೂಮ್ ಮಾಡುವವರು ಮೊದಲು ಏನು ಕೇಳಬೇಕು ಹೇಳಿ? ನೀವು ಏನು ಕೆಲಸ ಮಾಡಿದ್ದೀರಿ ಅಂತ ಕೇಳಬೇಕು ಅಲ್ವಾ? ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗ ಕೂಡ ‘ಅಕ್ಕಾ, ಕೆಲಸದ್ದು ಏನ್ ಬರೀಲಿ’ ಅಂತ ಕೇಳುತ್ತಾನೆ. ಜಾಹೀರಾತಿನವರ ಕಡೆಯಿಂದ ನನ್ನ ಜೊತೆ ಮಾತಾಡಿದ ಮನುಷ್ಯ ಒಂದು ಸಲವೂ ಕೇಳಲಿಲ್ಲ. ಅವನು ಕೇಳಿದ್ದು ಫೋಟೋ, ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್. ಆಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಮೀಸಲಾತಿಗಾಗಿ ಕೊಡುವ 371(ಜೆ) ಸರ್ಟಿಫಿಕೇಟ್! ‘ಅದಿದ್ದರೆ ಬೆಂಗಳೂರಿನ ಕಂಪನಿಗಳಲ್ಲಿ ನಿಮಗೆ ಕೋಟಾ ಇದೆ ಮ್ಯಾಮ್’ ಅಂದ. 371(ಜೆ) ಮೀಸಲಾತಿ ಇರುವುದು ಸರ್ಕಾರಿ ನೌಕರಿಗೆ ಮತ್ತು ಕಾಲೇಜು ಸೀಟಿಗೆ. ಖಾಸಗಿ ಕಂಪನಿಗೆ ಅದು ಅನ್ವಯ ಆಗಲ್ಲ. ನಮ್ಮ ಭಾಗದವರ ಆಸೆ ಎಲ್ಲಿದೆ ಅಂತ ನೋಡಿಕೊಂಡೇ ಗಾಳ ಹಾಕುತ್ತಾರೆ.

499 ಕಳಿಸಿದ ಮೇಲೆ ಪಿಡಿಎಫ್ ಬರಲಿಲ್ಲ, ಇನ್ನೊಂದು ಬೇಡಿಕೆ ಬಂತು. ‘ನಿಮ್ಮ ಎಟಿಎಸ್ ಸ್ಕೋರ್ ಬರೀ 31 ಇದೆ ಮ್ಯಾಮ್, 95ಕ್ಕೆ ತರಬೇಕು, 800 ಆಗುತ್ತೆ.’ ಎಟಿಎಸ್ ಅಂದರೆ ಕಂಪನಿಗಳು ತಮಗೆ ಬಂದ ಅರ್ಜಿಗಳನ್ನು ಇಟ್ಟುಕೊಂಡು ವಿಂಗಡಿಸುವ ಸಾಫ್ಟ್‌ವೇರ್. ಒಂದೊಂದು ಕಂಪನಿ ಒಂದೊಂದು ಥರದ್ದು ಇಟ್ಟುಕೊಂಡಿರುತ್ತದೆ. ಎಲ್ಲದಕ್ಕೂ ನಡೆಯುವ ಒಂದೇ ಸ್ಕೋರ್ ಅನ್ನುವುದೇ ಇಲ್ಲ. ಅವನ 31 ಎಲ್ಲಿಂದ ಬಂತು? ಬಾಯಿಂದ ಬಂತು. ಕೊಟ್ಟೆ. ಅದಾದ ಮೇಲೆ ‘ಎಚ್‌ಆರ್ ಡೇಟಾಬೇಸ್‌ಗೆ ನಾವೇ ಅಪ್‌ಲೋಡ್ ಮಾಡಿ ನಾವೇ ಅಪ್ಲೈ ಮಾಡ್ತೀವಿ’ ಅಂತ 1,200. ಮೊದಲು ಕೊಟ್ಟಿದ್ದು ವೇಸ್ಟ್ ಆಗುತ್ತೆ ಮ್ಯಾಮ್ ಅನ್ನುತ್ತಾ ಅನ್ನುತ್ತಾ ತೆಗೆದುಕೊಂಡ.

ಕೊನೆಗೆ ಪಿಡಿಎಫ್ ಬಂತು. ಪಕ್ಕದಲ್ಲಿ ನೀಲಿ ಪಟ್ಟಿ, ದುಂಡಗೆ ಕತ್ತರಿಸಿದ ಫೋಟೋ, ಎಕ್ಸೆಲ್‌ಗೆ ನಾಲ್ಕು ಸ್ಟಾರ್, ಕಮ್ಯುನಿಕೇಶನ್‌ಗೆ ಐದು ಸ್ಟಾರ್. ಆ ಸ್ಟಾರ್ ಕೊಟ್ಟವರು ಯಾರು? ಡೈನಾಮಿಕ್, ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್. ಮಿಲ್ಲಿನ ಕೆಲಸ ಎಲ್ಲಿದೆ ಅಂತ ಹುಡುಕಿದರೆ ಕೆಳಗೆ ಒಂದೇ ಸಾಲು, ಅಕೌಂಟ್ಸ್ ಅಸಿಸ್ಟೆಂಟ್ ಅಂತ.

ನಾನು ಮಾಡಿದ ಕೆಲಸ ಒಂದು ಸಾಲಿನದ್ದಲ್ಲ. ಎಪಿಎಂಸಿ ಯಾರ್ಡಿನಿಂದ ಬಂದ ತೊಗರಿಯ ಅಡತಿ ಬಿಲ್, ಹಮಾಲಿ, ಲಾರಿ ಬಾಡಿಗೆ. ಕ್ವಿಂಟಲ್‌ಗೆ ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಹೊಟ್ಟು ಅಂತ ಸ್ಟಾಕ್ ಲೆಕ್ಕ. ಟ್ಯಾಲಿ ಎಂಟ್ರಿ. ಜಿಎಸ್‌ಟಿ ರಿಟರ್ನ್‌ಗಳು: ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ ಬಂದಾಗ, ಯಾವ ಚೀಲಕ್ಕೆ ಟ್ಯಾಕ್ಸ್, ಯಾವುದಕ್ಕೆ ಇಲ್ಲ ಅಂತ ಬಿಲ್ಲುಗಳನ್ನೆಲ್ಲ ಬೇರೆ ಮಾಡಿದ್ದು ನಾನು. ಇದನ್ನು ಬರೆಯಿರಿ ಅಂತ ಮೆಸೇಜ್ ಹಾಕಿದೆ. ಉತ್ತರ ಏನು ಗೊತ್ತಾ? ‘ಅದೆಲ್ಲ ಲೋಕಲ್ ಕೆಲಸ ಮ್ಯಾಮ್. ಎಚ್‌ಆರ್‌ಗಳು ಅದನ್ನ ನೋಡಲ್ಲ.’

ಲೋಕಲ್ ಅಂತೆ. ತೊಗರಿ ಬೇಳೆಯ ಊರಿನಲ್ಲಿ ಬೇಳೆ ಮಿಲ್ಲಿನ ಅಕೌಂಟ್ಸ್ ಲೋಕಲ್ ಅಂತೆ.

ಆಮೇಲೆ ಒಂದು ಫೋನ್ ಬಂತು, ಇಂಟರ್‌ವ್ಯೂಗೆ ಬನ್ನಿ ಅಂತ. ಸೇಡಂ ರಸ್ತೆ ಕಡೆ ಒಂದು ಫೈನಾನ್ಸ್ ಕಂಪನಿಯ ಬ್ರಾಂಚ್. ನಾನು ಅಲ್ಲಿಗೆ ಅರ್ಜಿ ಹಾಕಿರಲಿಲ್ಲ, ಆ ಜನ ಹಾಕಿದ್ದರು. ಅವ್ವ ಖುಷಿಯಿಂದ ಹೊಸ ಸೀರೆ ತೆಗೆದುಕೊಟ್ಟಳು. ಮ್ಯಾನೇಜರ್ ಕೈಲಿ ನನ್ನ ಬಯೋಡೇಟಾದ ಪ್ರಿಂಟ್ ಇತ್ತು. ಮೊದಲನೇ ಪ್ರಶ್ನೆಯೇ ಇದು: ‘ಪುಣೆದಾಗ ಎರಡು ವರ್ಷ ಎಸ್‌ಎಪಿ ಮ್ಯಾಲ ಕೆಲಸ ಮಾಡೀರಿ. ಯಾವ ಮಾಡ್ಯೂಲ್ ರೀ?’

ಎಸ್‌ಎಪಿ ಅಂದರೆ ದೊಡ್ಡ ಕಂಪನಿಗಳು ಲೆಕ್ಕಪತ್ರಕ್ಕೆ ಬಳಸುವ ಸಾಫ್ಟ್‌ವೇರ್. ನಾನು ಪುಣೆ ನೋಡಿಯೇ ಇಲ್ಲ. ಬೇರೆ ಯಾರದ್ದೋ ಇರಬೇಕು ಸರ್ ಅಂದೆ. ಅವರು ಹಾಳೆ ನನ್ನ ಕಡೆ ತಿರುಗಿಸಿದರು. ನನ್ನ ಫೋಟೋ. ನನ್ನ ಹೆಸರು. ನನ್ನ ನಂಬರ್. ಪುಣೆಯ ಯಾವುದೋ ಕಂಪನಿ, ಎಸ್‌ಎಪಿ, ಎಂಟು ಜನರ ಟೀಮ್ ಲೀಡ್. ನನಗೆ ಕಳಿಸಿದ ಪಿಡಿಎಫ್ ಒಂದು, ಕಂಪನಿಗಳಿಗೆ ಕಳಿಸಿದ್ದು ಇನ್ನೊಂದು! ಮಿಲ್ಲಿನ ಆ ಒಂದು ಸಾಲು ಕೂಡ ಅದರಲ್ಲಿ ಇರಲಿಲ್ಲ. ಎಲ್ಲದರ ಕೆಳಗೆ, ಮೇಲೆ ಬರೆದದ್ದೆಲ್ಲ ನಿಜ ಅಂತ ಡಿಕ್ಲರೇಶನ್. ಅದರ ಕೆಳಗೆ ನನ್ನ ಸಹಿ. ನಾನು ಮಾಡಿದ ಸಹಿ ಅಲ್ಲ. ಪ್ಯಾನ್ ಕಾರ್ಡಿನಿಂದ ಕತ್ತರಿಸಿ ಅಂಟಿಸಿದ್ದು.

‘ಹಂಗಾದ್ರ ಇಷ್ಟು ದಿನ ಏನ್ ಮಾಡ್ತಿದ್ರಿ?’ ಅಂದರು. ದಾಲ್ ಮಿಲ್, ಜಿಎಸ್‌ಟಿ, ಎಲ್ಲ ಹೇಳಿದೆ. ಅವರು ಪೆನ್ ಕೆಳಗಿಟ್ಟು ಕೇಳಿದರು. ಆಮೇಲೆ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ. ‘ಇದನ್ನ ಯಾಕ ಬರ್ದಿಲ್ರಿ? ನಮ್ಮ ಅರ್ಧ ಪಾರ್ಟಿ ದಾಲ್ ಮಿಲ್ಲಿನವರೇ ಇದ್ದಾರ. ಇಂಥವರೇ ನಮಗ ಬೇಕಾಗಿತ್ತು. ಆದ್ರ ಈ ಕಾಗದ ಹೆಡ್ ಆಫೀಸಿನ್ಯಾಗ ಐತಿ. ಸುಳ್ಳು ಬಯೋಡೇಟಾ ಬಂದ ಮ್ಯಾಲ ನನಗ ತಗೊಳ್ಳಾಕ ಬರಂಗಿಲ್ಲ.’ ಬಾಗಿಲು ತೆರೆದೇ ಇತ್ತು. ಹೊರಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಸುಳ್ಳು ಹೇಳಿ ಸಿಕ್ಕಿಬಿದ್ದವಳನ್ನು ನೋಡುವ ಹಾಗೆ ನೋಡಿದರು. ನಾನು ಸುಳ್ಳು ಹೇಳಿಲ್ಲ. ಒಂದಕ್ಷರ ಸುಳ್ಳು ಹೇಳಿಲ್ಲ.

ಹೊರಗೆ ಬಂದ ತಕ್ಷಣ ಅವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜಿಗೆ ಬಂದ ಉತ್ತರ ಇದು: ‘ಇಂಟರ್‌ವ್ಯೂ ಬಂತಲ್ವಾ ಮ್ಯಾಮ್? ನಮ್ಮ ಕೆಲಸ ಮುಗೀತು. ಕ್ಲಿಯರ್ ಮಾಡೋದು ನಿಮ್ಮ ಟ್ಯಾಲೆಂಟ್.’ ಸುಳ್ಳು ಯಾಕೆ ಬರೆದಿರಿ ಅಂದೆ. ‘ಎಲ್ಲರೂ ಹಾಗೇ ಹಾಕೋದು. ನಿಮ್ಮ ಪ್ರೊಫೈಲ್ ವೀಕ್ ಇತ್ತು, ಸ್ಟ್ರಾಂಗ್ ಮಾಡಿದ್ವಿ.’ ಯಾರನ್ನು ಕೇಳಿ ನನ್ನ ಸಹಿ ಹಾಕಿದಿರಿ ಅಂದೆ. ಅದಕ್ಕೆ ಉತ್ತರ ಇಲ್ಲ. ದುಡ್ಡು ವಾಪಸ್ ಕೊಡಿ ಅಂದಾಗ ವಾಯ್ಸ್ ಮೆಸೇಜ್ ಬಂತು. ನಗುತ್ತಾ ಹೇಳಿದ: ‘ನಿಮ್ಮ ಗುಲ್ಬರ್ಗಾ ಕಡೆಯವರದ್ದು ಇದೇ ಪ್ರಾಬ್ಲಮ್, ಹೇಳಿದ್ರೂ ಅರ್ಥ ಆಗಲ್ಲ.’

ನಮಗೆ ಅರ್ಥ ಆಗಲ್ಲ ಅಂತೆ! ನಮ್ಮ ದುಡ್ಡು ಮಾತ್ರ ಬೇಕು.

ಪೊಲೀಸ್ ಅಂದ ಮೇಲೆ ದನಿ ಬದಲಾಯಿತು. ರೀಫಂಡ್ ಮಾಡ್ತೀನಿ ಅಂತ ಒಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ, ಪಿನ್ ಹಾಕಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಕೊನೆಗೂ ಇನ್ನಷ್ಟು ಕೀಳೋಕೇ ನೋಡಿದ. ಹಾಕಲ್ಲ ಅಂದೆ. ಬ್ಲಾಕ್ ಮಾಡಿದ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಮೆಸೇಜ್, ವಾಯ್ಸ್, ಯುಪಿಐ ನಂಬರ್ ಎಲ್ಲ ಇಟ್ಟುಕೊಂಡಿದ್ದೇನೆ. ನೀವೂ ಸಿಟ್ಟಿನಲ್ಲಿ ಚಾಟ್ ಡಿಲೀಟ್ ಮಾಡಬೇಡಿ. ಆಧಾರ್, ಪ್ಯಾನ್ ಅವರ ಹತ್ತಿರ ಇರುವುದರಿಂದ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆ. ನನ್ನ ಹೆಸರಿನಲ್ಲಿ ಸಾಲ ಎತ್ತಿದ್ದಾರಾ ಅಂತ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದೆ, ವರ್ಷಕ್ಕೊಮ್ಮೆ ಅದು ಪುಕ್ಕಟೆ ಸಿಗುತ್ತದೆ. ಸದ್ಯಕ್ಕೆ ಏನೂ ಇಲ್ಲ. ಆದರೆ ಕೆಲಸದ ವೆಬ್‌ಸೈಟುಗಳಲ್ಲಿ ನನ್ನ ಹೆಸರಿನ ಖಾತೆ ಅವರು ಮಾಡಿಕೊಂಡ ಇಮೇಲ್‌ನಲ್ಲಿದೆ, ಪಾಸ್‌ವರ್ಡ್ ಅವರ ಹತ್ತಿರ ಇದೆ. ತೆಗೆಯಿರಿ ಅಂತ ಒಂದೊಂದು ವೆಬ್‌ಸೈಟಿಗೂ ಬರೆಯುತ್ತಿದ್ದೇನೆ. ಪುಣೆ, ಎಸ್‌ಎಪಿ ಅಂತ ಇನ್ನೂ ಎಷ್ಟು ಮೇಜಿನ ಮೇಲೆ ನನ್ನ ಫೋಟೋ ಬಿದ್ದಿದೆಯೋ.

ರೆಸ್ಯೂಮ್ ಮಾಡಿಸಲೇಬೇಕು ಅಂದರೆ ಎದುರಿಗೆ ಕೂತು ಮಾಡಿಸಿ. ಆಧಾರ್, ಪ್ಯಾನ್ ಯಾರಿಗೂ ಕೊಡಬೇಡಿ, ರೆಸ್ಯೂಮ್ ಬರೆಯೋಕೆ ಅವು ಬೇಕಾಗಲ್ಲ. ನಾವೇ ಅಪ್ಲೈ ಮಾಡ್ತೀವಿ ಅಂದರೆ ಅಲ್ಲೇ ನಿಲ್ಲಿಸಿ. ಪಿಡಿಎಫ್ ಬಂದ ಮೇಲೆ ಅದರ ಅಕ್ಷರದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಕ್ಷರ ಕಾಪಿ ಆಗದಿದ್ದರೆ ಅದು ಬರೀ ಚಿತ್ರ, ಎಷ್ಟೋ ಕಂಪನಿಗಳ ಸಾಫ್ಟ್‌ವೇರ್ ಅದನ್ನು ಓದಲಾರದು. ನನ್ನದು ಕಾಪಿ ಆಗಲಿಲ್ಲ. ಆ ಸಾಫ್ಟ್‌ವೇರ್‌ಗೆ ಸರಿಹೋಗಲಿ ಅಂತಲೇ 800 ರೂಪಾಯಿ ಕೊಟ್ಟಿದ್ದು! ಗೂಗಲ್ ಡಾಕ್ಸ್‌ನಲ್ಲಿ ಸಾದಾ ನಮೂನೆಗಳು ಪುಕ್ಕಟೆ ಇವೆ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ಹೆಸರು ನೋಂದಾಯಿಸಲು ದುಡ್ಡಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲೂ ದುಡ್ಡಿಲ್ಲ.

ನನ್ನ ಹೊಸ ಬಯೋಡೇಟಾ ನಾನೇ ಬರೆದೆ, ಒಂದೇ ಪುಟ. ಮಿಲ್ಲಿಗೆ ಬರುತ್ತಿದ್ದ ಆಡಿಟರ್ ಆಫೀಸಿನ ಅಕ್ಕನವರು ಇಂಗ್ಲಿಷ್ ತಿದ್ದಿಕೊಟ್ಟರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮೇಲೆಯೇ ದಾಲ್ ಮಿಲ್ಲಿನ ಕೆಲಸ ಇದೆ. ಪೂರ್ತಿ ಇದೆ.

ಆ ಜನ ಈಗ ಬೇರೆ ಹೆಸರಿನಲ್ಲಿ ಅದೇ ಜಾಹೀರಾತು ಹಾಕಿದ್ದಾರೆ. ಈ ಸಲ ರೇಟು 299. ಕೆಳಗೆ ‘ಇಂಟರೆಸ್ಟೆಡ್ ಸರ್’ ಅಂತ ಬರೆದವರಲ್ಲಿ ನಮ್ಮ ಆಳಂದ, ಚಿತ್ತಾಪುರ, ಶಹಾಪುರ ಕಡೆಯ ಹುಡುಗ ಹುಡುಗಿಯರು ಇದ್ದಾರೆ. ನಿಮಗೆ ಪರಿಚಯದವರು ಯಾರಾದರೂ ಅದರಲ್ಲಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ, ಪ್ಯಾನ್ ಕಾರ್ಡ್ ಕಳಿಸುವುದಕ್ಕೆ ಮೊದಲು.