ಫೋಟೋ ಯಾರದ್ದು ಅಂತ ತಿಳಿಯೋಕೆ: ರಿವರ್ಸ್ ಸರ್ಚಾ, ಮೆಟಾಡೇಟಾನಾ, ನೇರವಾಗಿ ಕೇಳೋದಾ?

ಕೈಯಲ್ಲಿ ಬರೀ ಚಿತ್ರ ಇದೆ, ಎಲ್ಲಿಂದ ಬಂತೋ ಗೊತ್ತಿಲ್ಲ ಅಂದ್ರೆ ರಿವರ್ಸ್ ಇಮೇಜ್ ಸರ್ಚ್‌ನಿಂದಲೇ, ಅಂದ್ರೆ ಪದಗಳ ಬದಲು ಚಿತ್ರವನ್ನೇ ಕೊಟ್ಟು ಹುಡುಕೋದರಿಂದಲೇ ಶುರು ಮಾಡಿ. ಗೂಗಲ್ ಲೆನ್ಸ್ ಸುಮಾರಾಗಿ ಹೋಲುವ ಚಿತ್ರಗಳನ್ನೂ ತಂದು ಗುಡ್ಡೆ ಹಾಕುತ್ತದೆ. ಟಿನ್‌ಐ (TinEye) ಅನ್ನೋ ವೆಬ್‌ಸೈಟ್ ಹಾಗಲ್ಲ, ಅದೇ ಚಿತ್ರದ ನಕಲುಗಳನ್ನು ಹುಡುಕುತ್ತದೆ, ಕ್ರಾಪ್ ಮಾಡಿದ್ದನ್ನೂ ಹಿಡಿಯುತ್ತದೆ, ಹಳೆಯದು ಮೊದಲು ಬರುವಂತೆ ಜೋಡಿಸಲೂಬಹುದು. ಮೂಲ ಹುಡುಕೋಕೆ ನನಗೆ ಇದೇ ಇಷ್ಟ. ಆದರೆ ಅಲ್ಲಿ ಕಾಣುವ ತಾರೀಖು ಚಿತ್ರ ಟಿನ್‌ಐ ಕಣ್ಣಿಗೆ ಮೊದಲು ಬಿದ್ದ ದಿನ, ಫೋಟೋ ತೆಗೆದ ದಿನ ಅಲ್ಲ.

ಮೂಲ ಫೈಲೇ ಸಿಕ್ಕಿದ್ದರೆ ಮೆಟಾಡೇಟಾ, ಅಂದ್ರೆ ಫೈಲ್ ಒಳಗೇ ಸೇರಿರುವ ಮಾಹಿತಿ, ನೋಡೋದು ಇನ್ನೂ ಬೇಗ. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ಗೆ ಹೋಗಿ, ಆಥರ್ಸ್ ಮತ್ತು ಕಾಪಿರೈಟ್ ಅನ್ನೋ ಸಾಲು ನೋಡಿದರೆ ಮುಗೀತು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿದ್ದಕ್ಕೆ ಸುಮ್ನೆ ಒದ್ದಾಡಬೇಡಿ, ಅಷ್ಟೊತ್ತಿಗೆ ಆ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಅದೂ ಅಲ್ಲದೆ ಆ ಸಾಲುಗಳನ್ನು ಯಾರು ಬೇಕಾದರೂ ತಿದ್ದಬಹುದು. ಸುಳಿವು ಅಂತ ತಗೊಳ್ಳಿ, ಪುರಾವೆ ಅಂತ ಅಲ್ಲ.

ನೇರವಾಗಿ ಕೇಳೋದು ಜಾಸ್ತಿ ನಿಧಾನ. ಮನೆಮಟ್ಟಿಗೆ ಕುತೂಹಲಕ್ಕೆ ಅಷ್ಟೆಲ್ಲ ಬೇಕಿಲ್ಲ. ಆದರೆ ಜಾಹೀರಾತು, ಪುಸ್ತಕದ ಮುಖಪುಟದಂಥ ದುಡ್ಡಿನ ಕೆಲಸವಾದರೆ ಮೊದಲೆರಡರಿಂದ ಹೆಸರು ಹುಡುಕಿಕೊಂಡು, ಆಮೇಲೆ ಬರಹದಲ್ಲೇ ಒಪ್ಪಿಗೆ ಕೇಳಿ. ಫೋಟೋ ತೆಗೆದವರೇ ಹಕ್ಕುದಾರರು ಅಂತಲೂ ಇಲ್ಲ ಅಲ್ವಾ, ನೌಕರಿಯ ಭಾಗವಾಗಿ ತೆಗೆದಿದ್ದರೆ ಹಲವು ದೇಶಗಳಲ್ಲಿ ಹಕ್ಕು ಸಂಸ್ಥೆಗೆ ಹೋಗುತ್ತದೆ. ಉತ್ತರವೇ ಬರಲಿಲ್ಲ ಅಂದ್ರೆ ಅದು ಒಪ್ಪಿಗೆ ಅಲ್ಲ, ಬೇರೆ ಚಿತ್ರ ನೋಡಿಕೊಳ್ಳಿ.