ಒತ್ತಿದರೂ ಒತ್ತು ಬಾರದ ಲ್ಯಾಪ್‌ಟಾಪ್

‘ಹಲಸಿನ ಹಪಪಳ’ ಎಂದು ಅರವತ್ತು ಲೇಬಲ್ ಪ್ರಿಂಟ್ ಹಾಕಿಸಿಕೊಂಡು ಬಂದ ದಿನವೇ ಈ ವಿಮರ್ಶೆ ಬರೆಯಬೇಕಿತ್ತು. ಆ ಸಿಟ್ಟಿನಲ್ಲಿ ಕೂತಿದ್ದರೆ ನಾಲ್ಕು ಸಾಲಲ್ಲಿ ಮುಗಿಯುತ್ತಿತ್ತು, ನಾಲ್ಕೂ ಬೈಗುಳವೇ. ಅದು 2024ರ ಜುಲೈ. ಈಗ ಮತ್ತೊಂದು ಮಳೆಗಾಲ ಕಳೆದಿದೆ, ಸಿಟ್ಟು ಇಳಿದಿದೆ, ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲೇ ಇದೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಕಂಪನಿ, ಮಾಡೆಲ್ ಹೆಸರು ಬರೆಯುವುದಿಲ್ಲ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ, ಈ ಬೆಲೆಯ ಲ್ಯಾಪ್‌ಟಾಪ್‌ಗಳದ್ದೆಲ್ಲ ಹೆಚ್ಚು ಕಮ್ಮಿ ಒಂದೇ ಹಣೆಬರಹ. 2021ರ ಜೂನ್‌ನಲ್ಲಿ, ಆ ವರ್ಷದ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ, 36,500 ಕೊಟ್ಟು ತಂದದ್ದು. ಮಗಳ ಆನ್‌ಲೈನ್ ಕ್ಲಾಸಿಗೆ ಅಂತ. ನಮ್ಮದು ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಹಳ್ಳಿ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಸೊಪ್ಪಿನ ಬೆಟ್ಟದ ತುದಿಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡು, ಉಂಬಳ ಕೀಳುತ್ತ ಕೀಳುತ್ತ ಅವಳು ಪಾಠ ಕೇಳಿದ್ದಳು. ಲ್ಯಾಪ್‌ಟಾಪಿನ ಬಾಳ್ವೆ ಶುರುವಾದದ್ದೇ ಹೀಗೆ. ಅದಕ್ಕೆ ಸುಖದ ಅಭ್ಯಾಸ ಇಲ್ಲ.

ಮೊದಲ ಎರಡು ವರ್ಷ ಅದರ ನಿಧಾನಕ್ಕೆ ಮಿತಿಯೇ ಇರಲಿಲ್ಲ. 4 ಜಿಬಿ ರ‍್ಯಾಮ್, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ಬಟನ್ ಒತ್ತಿ, ಅಡುಗೆಮನೆಗೆ ಹೋಗಿ, ಕುಡಿಯಲು ಆಸರಿಗೆ ಮಾಡಿ, ಎಲ್ಲರಿಗೂ ಕೊಟ್ಟು ಬರುವಷ್ಟರಲ್ಲಿ ಪರದೆ ಮೇಲೆ ಚಕ್ರ ಇನ್ನೂ ತಿರುಗುತ್ತಿತ್ತು. 2023ರಲ್ಲಿ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗದ ಡಿಸ್ಕ್, ಹಾಕಿಸಿದೆ, ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್. ಎಲ್ಲ ಸೇರಿ ನಾಲ್ಕು ಸಾವಿರದ ಒಳಗೇ ಆಯಿತು. ಈಗ ಇಪ್ಪತ್ತು ಸೆಕೆಂಡಿಗೆ ತೆರೆಯುತ್ತದೆ. ಹಳೇ ಲ್ಯಾಪ್‌ಟಾಪ್ ನಿಧಾನ ಅಂತ ಗೊಣಗುವವರು ಹೊಸದು ಕೊಳ್ಳುವ ಮೊದಲು ಇದೊಂದು ಮಾಡಿ ನೋಡಿ.

ಇನ್ನು ಮಳೆಗಾಲದ ಕಥೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಎಲ್ಲಕ್ಕೂ ಬೂಷ್ಟು. ಮಾವಯ್ಯನ ಯಕ್ಷಗಾನದ ಮದ್ದಳೆಯನ್ನು ಮರದ ಕಪಾಟಿನಲ್ಲಿಟ್ಟು ಒಳಗೊಂದು ಬಲ್ಬ್ ಉರಿಸಿಡುವುದು ಮನೆಯ ಹಳೇ ಪದ್ಧತಿ. ಚರ್ಮ ಥಂಡಿ ಹಿಡಿದರೆ ಶ್ರುತಿ ಕೂರುವುದಿಲ್ಲ. ನಾನು ಲ್ಯಾಪ್‌ಟಾಪನ್ನೂ ಅದರ ಪಕ್ಕಕ್ಕೇ ಇಟ್ಟೆ. ಆದರೂ ಮೊದಲ ಮಳೆಗಾಲದಲ್ಲಿ ಚಾರ್ಜರ್ ವಯರಿನ ಮೇಲೆ ಬಿಳಿ ಬೂಷ್ಟು ಬಂತು, ಮದ್ದಳೆಯೂ ಸಪ್ಪೆಯಾಯಿತು. ಯಾಕೆ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು. ಕರೆಂಟ್ ಬಿಲ್ ಉಳಿಸಲು ನಮ್ಮವರು ಮನೆಯ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿದ್ದರು, ಕಪಾಟಿನದ್ದೂ ಸೇರಿ. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಎಲ್ಲಿ ಕೊಡುತ್ತದೆ? ತಂತಿ ಉರಿಯುವ ಹಳೇ ಬಲ್ಬಿಗಾಗಿ ಪೇಟೆಯಲ್ಲಿ ಮೂರು ಅಂಗಡಿ ತಿರುಗಿದೆ. ಕೊನೆಗೆ ಧೂಳು ಹಿಡಿದ ಡಬ್ಬದಿಂದ ಎರಡು ಸಿಕ್ಕವು. ಆಮೇಲೆ ಇಬ್ಬರೂ ಬೆಚ್ಚಗಿದ್ದಾರೆ, ಮದ್ದಳೆ ಕೆಳಗೆ, ಲ್ಯಾಪ್‌ಟಾಪ್ ಮೇಲೆ.

ದಿನದಲ್ಲಿ ಅದು ಹೊರಗೆ ಬರುವುದು ಸಂಜೆ. ದೀಪ ಹಚ್ಚಿ ಆದ ಮೇಲೆ ಜಗಲಿಯಲ್ಲಿ ಮಣೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾನು ಚಾಪೆ ಮೇಲೆ ಕೂರುತ್ತೇನೆ. ಮಾವಯ್ಯ ಎದುರಿನ ಕುರ್ಚಿಯಲ್ಲಿ. ಅವರು ನಲವತ್ತು ವರ್ಷ ಹವ್ಯಾಸಕ್ಕೆ ಮದ್ದಳೆ ಬಾರಿಸಿದವರು, ಬಿಡುವಿನಲ್ಲಿ ಯಕ್ಷಗಾನದ ಪ್ರಸಂಗ ಬರೆದವರು. ಹನ್ನೊಂದು ನೋಟ್‌ಬುಕ್ ಇವೆ. ಶಾಯಿ ಮಾಸಿದೆ, ಅಂಚನ್ನು ಹುಳ ತಿಂದಿದೆ. ಅವರು ಓದುವುದು, ನಾನು ಟೈಪ್ ಮಾಡುವುದು. ಓದುವುದು ಅಂದರೆ ಬರೀ ಓದುವುದಲ್ಲ. ತೊಡೆ ಮೇಲೆ ತಾಳ ಹಾಕುತ್ತ ಹಾಡಿಯೇ ಬಿಡುತ್ತಾರೆ. ಝಂಪೆ ತಾಳದ್ದಾದರೆ ನನ್ನ ಬೆರಳು ಹಿಂದೆ ಬೀಳುವುದಿಲ್ಲ. ಏಕತಾಳದ ಯುದ್ಧದ ಪದ್ಯ ಬಂದರೆ ‘ನಿಲ್ಲಿ ಮಾವಯ್ಯ, ನಿಲ್ಲಿ’ ಅಂತ ಕೂಗಬೇಕು. ಮಗಳ ಕ್ಲಾಸಿಗಾಗಿ ತಂದದ್ದು ನನ್ನದಾದದ್ದು ಹೀಗೆ. ನಾನು ಮದುವೆಗೆ ಮೊದಲು ಶಿರಸಿಯ ಡಿಟಿಪಿ ಅಂಗಡಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಕೀಬೋರ್ಡ್ ಬೆರಳಲ್ಲೇ ಇತ್ತು.

ತೊಂದರೆ ಬಂದದ್ದೂ ಅಲ್ಲೇ.

ನುಡಿಯಲ್ಲಿರುವುದು ಕೆ.ಪಿ. ರಾಯರು ರೂಪಿಸಿದ ವಿನ್ಯಾಸ. ಇಂಗ್ಲಿಷಿನ 26 ಅಕ್ಷರದ ಕೀಗಳಲ್ಲೇ ಇಡೀ ಕನ್ನಡ ಕೂರುತ್ತದೆ. ಒತ್ತಕ್ಷರಕ್ಕೆಲ್ಲ ಒಂದೇ ಕೀ, ಎಫ್. ‘ಅಮ್ಮ’ ಬೇಕೆಂದರೆ ಅ, ಮ, ಎಫ್, ಮ. ಎಡಗೈಯ ತೋರುಬೆರಳು ಸಹಜವಾಗಿ ಕೂರುವ, ಸಣ್ಣ ಗೀರಿನಂಥ ಉಬ್ಬು ಇರುವ ಕೀ ಅದು. ಕನ್ನಡ ಟೈಪ್ ಮಾಡುವವಳ ಎಫ್ ಕೀ ಎಷ್ಟು ಪೆಟ್ಟು ತಿನ್ನುತ್ತದೆ ಅಂತ ಲ್ಯಾಪ್‌ಟಾಪ್ ಮಾಡುವವರು ಯೋಚಿಸಿರಲಿಕ್ಕಿಲ್ಲ. ನಮ್ಮ ಭಾಷೆಯಲ್ಲಿ ಒತ್ತಿಲ್ಲದ ವಾಕ್ಯ ಹುಡುಕಬೇಕು, ಅಲ್ವಾ?

ಮೊದಲು ನಾಲ್ಕು ಸಲಕ್ಕೊಮ್ಮೆ ಕೈಕೊಟ್ಟಿತು. ಆಗಲೇ ಆ ಹಪಪಳ ಹುಟ್ಟಿದ್ದು. ನಾವು ಐದಾರು ಹೆಂಗಸರು ಸೇರಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇವೆ, ಲೇಬಲ್ ನನ್ನ ಜವಾಬ್ದಾರಿ. ಅವಸರದಲ್ಲಿ ನೋಡಲಿಲ್ಲ. ಅಂಟಿಸುವಾಗ ಪಕ್ಕದ ಮನೆ ಅತ್ತಿಗೆ ಜೋರಾಗಿ ಓದಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ವಾರದೊಳಗೆ ಎಫ್ ಪೂರ್ತಿ ಸತ್ತಿತು.

ಆ ಸಂಜೆ ಟೈಪ್ ಮಾಡಿದ್ದನ್ನು ಮಾವಯ್ಯನಿಗೆ ತೋರಿಸಿದೆ. ರಾಮ ಸರಿ ಇದ್ದ. ಸೀತೆ ಸರಿ, ಭರತ ಸರಿ. ಲಕ್ಷ್ಮಣ ‘ಲಕಷಮಣ’ ಆಗಿದ್ದ. ಕೊನೆಯವನಂತೂ ಕೇಳಬೇಡಿ. ಮಾವಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಶತರುಘನ ಹೇಳಿ ಯಾರೇ ಇಂವ? ಒತ್ತೆಲ್ಲಾ ಎಲ್ಲಿಗೆ ಹೋತು?’ ಎಂದರು.

ಎರಡು ವಾರ ಒಂದು ಉಪಾಯದಲ್ಲಿ ದೂಡಿದೆ. ಹಳೇ ಫೈಲಿನಿಂದ ಒತ್ತಿನ ಚಿಹ್ನೆಯೊಂದನ್ನೇ ಕಾಪಿ ಮಾಡಿಟ್ಟುಕೊಳ್ಳುವುದು, ಬೇಕಾದಲ್ಲೆಲ್ಲ ಕಂಟ್ರೋಲ್-ವಿ. ಅ, ಮ, ಕಂಟ್ರೋಲ್-ವಿ, ಮ. ಗದ್ಯಕ್ಕಾದರೆ ಹೇಗೋ ನಡೆದೀತು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲಿಗೂ ಎರಡನೇ ಅಕ್ಷರದ ಪ್ರಾಸ ಇರುತ್ತದೆ. ಮೊದಲ ಸಾಲಿನ ಆ ಜಾಗದಲ್ಲಿ ಒತ್ತು ಬಂತೋ, ಆರೂ ಸಾಲಿನಲ್ಲಿ ಬರಲೇಬೇಕು. ಮಾವಯ್ಯನಿಗೆ ಒತ್ತಿನ ಪ್ರಾಸ ಅಂದರೆ ಪಂಚಪ್ರಾಣ. ಒಂದು ಪದ್ಯ ಮುಗಿಯುವಷ್ಟರಲ್ಲಿ ನನ್ನ ಕಿರುಬೆರಳು ಜೋಮು ಹಿಡಿಯುತ್ತಿತ್ತು. ನಡುವೆ ಬೇರೇನಾದರೂ ಕಾಪಿ ಮಾಡಿದರೆ ಮುಗಿಯಿತು. ಒಮ್ಮೆ ಅಂಗಳಕ್ಕೆ ಹೋಗಿ ಬಂದು, ಮತ್ತೆ ಟೈಪ್ ಮಾಡಿ ನೋಡಿದರೆ, ಪದ್ಯದ ಪ್ರತಿ ಒತ್ತಿನ ಜಾಗದಲ್ಲಿ ‘ರಾಶಿ ಅಡಿಕೆ’ ಅಂತ ಇತ್ತು. ನಮ್ಮವರು ಪೇಟೆ ದರ ನೋಡಿ ಯಾರಿಗೋ ಕಳಿಸಲು ಕಾಪಿ ಮಾಡಿದ್ದರಂತೆ. ನೋಡದೆ ಟೈಪ್ ಮಾಡಿದ್ದು ನನ್ನ ತಪ್ಪು.

ವಿಂಡೋಸಿನಲ್ಲೇ ಬರುವ ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ಒತ್ತಿಗೆ ಡಿ ಕೀ ಅಂತ ತಿಳಿದು ಕುಣಿದಾಡಿದೆ. ಅಲ್ಲಿ ಎಫ್ ಎಂದರೆ ಗುಡಿಸು ಅಂತ ಆಮೇಲೆ ಗೊತ್ತಾಯಿತು. ಒತ್ತು ಸಿಕ್ಕಿತು, ಗುಡಿಸು ಹೋಯಿತು. ಶಿರಸಿ ಎಂದು ಬರೆದರೆ ‘ಶರಸ’.

ಹೊರಗಿನ ಯುಎಸ್‌ಬಿ ಕೀಬೋರ್ಡ್ ಹಾಕಬಾರದಿತ್ತಾ ಅಂತ ಕೇಳುತ್ತೀರಿ. ಐನೂರು ರೂಪಾಯಿಗೆ ಸಿಗುತ್ತದೆ, ನಿಜ. ಮಣೆ ಮೇಲೆ ಎರಡೂ ಹಿಡಿಯುವುದಿಲ್ಲ, ಮೇಜು ಕುರ್ಚಿ ನನಗೆ ಒಗ್ಗುವುದಿಲ್ಲ. ಅಷ್ಟೇ ಕಾರಣ.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ಅದಿರುವುದು ಹುಬ್ಬಳ್ಳಿಯಲ್ಲಿ. ವಾರಂಟಿ 2022ಕ್ಕೇ ಮುಗಿದಿತ್ತು, ದುಡ್ಡು ಕೊಡಲು ತಯಾರಿದ್ದೆ. ಮುಂಡಗೋಡ ಮೇಲೆ ನೂರು ಕಿಲೋಮೀಟರ್ ಆಸುಪಾಸು ಬಸ್ಸಿನಲ್ಲಿ, ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೋದೆ. ಕೌಂಟರಿನಲ್ಲಿದ್ದವರು ಬಿಚ್ಚಿಯೂ ನೋಡದೆ 7,400 ಅಂದರು. ಒಂದು ಕೀಗಾ? ‘ಕೀ ಬೇರೆ ಬರಲ್ಲ ಮೇಡಂ, ಕೀಬೋರ್ಡೂ ಬೇರೆ ಬರಲ್ಲ, ಮೇಲಿನ ಕವರ್ ಪೂರ್ತಿ ಬದಲಿಸಬೇಕು.’ ಕೀಬೋರ್ಡನ್ನು ಕವರಿಗೆ ಪ್ಲಾಸ್ಟಿಕ್ ಕರಗಿಸಿ ಕೂರಿಸಿರುತ್ತಾರೆ, ಸ್ಕ್ರೂ ಇರುವುದಿಲ್ಲ. ಮಾಡುವಾಗ ಅಗ್ಗ, ಬಿಚ್ಚುವಾಗ ನಮ್ಮ ಕರ್ಮ. ಒಂದು ಹೆಂಚು ಒಡೆದಿದೆ ಅಂದರೆ ಇಡೀ ಮಾಡೇ ಬದಲಿಸಿ ಅಂದ ಹಾಗೆ. ಮಾತಾಡದೆ ವಾಪಸ್ ಬಸ್ ಹತ್ತಿದೆ. ಅಗ್ಗದ ಲ್ಯಾಪ್‌ಟಾಪಿನಲ್ಲಿ ನಮಗೆ ಅಗ್ಗವಾಗುವುದು ಮೊದಲ ದಿನ ಮಾತ್ರ ಅಂತ ದಾರಿಯುದ್ದಕ್ಕೂ ಅನ್ನಿಸಿತು.

ಆ ರಾತ್ರಿ ಚಿಕ್ಕಮ್ಮನ ಮಗ ಫೋನಿನಲ್ಲಿ ಶಾರ್ಪ್‌ಕೀಸ್ ಎಂಬ ಚಿಕ್ಕ ಪ್ರೋಗ್ರಾಂ ಹಾಕಿಸಿದ. ಉಚಿತ. ಒಂದು ಕೀಯನ್ನು ಒತ್ತಿದರೆ ಇನ್ನೊಂದು ಎಂದು ವಿಂಡೋಸ್ ತಿಳಿಯುವ ಹಾಗೆ ಬರೆದಿಡುತ್ತದೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು. ಯಾವ ಕೀ ಬಲಿಕೊಡುವುದು? ನುಡಿಯಲ್ಲಿ ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು. ಆದರೆ ಕ್ಯಾಪ್ಸ್ ಲಾಕ್? ಇಷ್ಟು ವರ್ಷದಲ್ಲಿ ಅದು ನನಗೆ ಬೇಕೆಂದೇ ಒಮ್ಮೆಯೂ ಒತ್ತಿದ ನೆನಪಿಲ್ಲ. ಕ್ಯಾಪ್ಸ್ ಲಾಕ್ ಎಫ್ ಆಯಿತು. ಮೊದಲ ಪದ ‘ಶತ್ರುಘ್ನ’ ಎಂದೇ ಬರೆದೆ.

ಕಿರುಬೆರಳಿಗೆ ಒತ್ತು ಕಲಿಸಲು ಮೂರು ವಾರ ಹಿಡಿಯಿತು. ಸುಮ್ನೆ ಹೇಳುತ್ತಿಲ್ಲ, ಈಗ ಮೊದಲಿಗಿಂತ ಜೋರಾಗಿ ಟೈಪ್ ಮಾಡುತ್ತೇನೆ. ತೋರುಬೆರಳಿಗೆ ಮೊದಲೇ ಕೆಲಸ ಜಾಸ್ತಿ ಇತ್ತು, ಕಿರುಬೆರಳು ಖಾಲಿ ಕೂತಿತ್ತು. ಏಕತಾಳಕ್ಕೂ ‘ನಿಲ್ಲಿ’ ಅನ್ನುವುದು ಕಮ್ಮಿಯಾಗಿದೆ.

ದೀಪಾವಳಿ ಕಳೆದ ಮೇಲೆ ಶಿರಸಿಯ ರಿಪೇರಿ ಹುಡುಗನೊಬ್ಬ 1,600ಕ್ಕೆ ಕೀಬೋರ್ಡ್ ಮಾತ್ರ ಬದಲಿಸಿಕೊಡುತ್ತೇನೆ ಅಂದ. ಕರಗಿಸಿದ ಪ್ಲಾಸ್ಟಿಕ್ ಮೊಳೆಗಳನ್ನು ಒಂದೊಂದೇ ಕೆರೆದು ತೆಗೆದ, ಎರಡು ತಾಸು. ಹಳೇ ಕೀಬೋರ್ಡನ್ನು ಬಿಡಿಸಿ ಒಳಗಿನ ತೆಳು ಹಾಳೆಗಳನ್ನು ತೋರಿಸಿದ. ಬೆಳ್ಳಿ ಬಣ್ಣದ ಗೆರೆಗಳ ಮೇಲೆ ಎಫ್ ಇರುವ ಕಡೆ ಕಪ್ಪು ಕಲೆ, ಅದರ ಸುತ್ತ ಒಣಗಿದ ಸಣ್ಣ ಇರುವೆಗಳು. ‘ಅಕ್ಕಾ, ಸಿಹಿ ಏನೋ ಬಿದ್ದಿದೆ’ ಅಂದ. ಮುರುಗಲು ಶರಬತ್ತು. ಮಾವಯ್ಯ ಓದುವಾಗ ಎಡಗೈ ಪಕ್ಕದಲ್ಲೇ ಲೋಟ ಇಟ್ಟುಕೊಳ್ಳುವವಳು ನಾನೇ. ಹುಬ್ಬಳ್ಳಿ ಬಸ್ಸಿನಲ್ಲಿ ಮನಸ್ಸಿನಲ್ಲೇ ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡೆ. ಕವರ್ ಪೂರ್ತಿ ಬದಲಿಸಬೇಕು ಅಂದದ್ದಕ್ಕೆ ಬೈದ ಅರ್ಧ ಹಾಗೇ ಇದೆ. ಮಾವಯ್ಯ ಮಾತ್ರ ಇರುವೆಯ ಕಥೆ ನಂಬಲಿಲ್ಲ. ‘ಥಂಡಿ ಆಯ್ದು ಅದಕ್ಕೆ’ ಎಂದೇ ಇವತ್ತಿಗೂ ಹೇಳುತ್ತಾರೆ.

ಉಳಿದದ್ದು ಬೇಗ ಹೇಳುತ್ತೇನೆ. ಪರದೆಯನ್ನು ನೇರ ಕೂತು ನೋಡಬೇಕು, ಪಕ್ಕದಿಂದ ನೋಡಿದರೆ ಬಣ್ಣವೆಲ್ಲ ಮಂಕು. ಸ್ಪೀಕರಿನಲ್ಲಿ ಆಟ ಕೇಳಿದರೆ ಚಂಡೆ ಕೇಳುತ್ತದೆ, ಮದ್ದಳೆಯ ಎಡದ ಪೆಟ್ಟು ಎಲ್ಲೋ ಮಾಯ. ಹೀಗಾಗಿ ಮಾವಯ್ಯ ಅದರಲ್ಲಿ ಯಕ್ಷಗಾನ ನೋಡುವುದಿಲ್ಲ. ಬ್ಯಾಟರಿ ಮೊದಲು ನಾಲ್ಕು ತಾಸು ಬರುತ್ತಿತ್ತು, ಈಗ ಒಂದೂಕಾಲು. ಕಮಾಂಡ್ ಪ್ರಾಂಪ್ಟಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದರೆ ಹುಟ್ಟಿದಾಗಿನ ಶಕ್ತಿ, ಈಗಿನ ಶಕ್ತಿ ಎರಡೂ ತೋರಿಸುತ್ತದೆ. ನಮ್ಮದು ಅರ್ಧಕ್ಕೆ ಬಂದಿದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಒಂದೂಕಾಲು ತಾಸು ಯಾವ ಮೂಲೆಗೆ? ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ಅಭ್ಯಾಸವಾಗಿದೆ, ಅದಕ್ಕೇ ಚಾರ್ಜರ್ ಇನ್ನೂ ಮೊದಲಿನದ್ದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತಲ್ಲ, ಅದಕ್ಕೆ ಮೊದಲೇ 11ಕ್ಕೆ ಏರಿಸಿದೆ. ಹತ್ತನೇ ತಲೆಮಾರಿನ ಐ3 ಇದ್ದದ್ದರಿಂದ ತಕರಾರಿಲ್ಲದೆ ಏರಿತು.

ಇದೇ ದುಡ್ಡಿಗೆ ಮತ್ತೆ ಕೊಳ್ಳುತ್ತೀಯಾ ಅಂದರೆ, ಕೊಳ್ಳುತ್ತೇನೆ. ನಮ್ಮ ಕೈಗೆ ನಿಲುಕುವುದೇ ಅಷ್ಟು. ಆದರೆ ಅಂಗಡಿಯವನನ್ನು ಈ ಸಲ ಪ್ರೊಸೆಸರ್ ಬಗ್ಗೆ ಕೇಳುವುದಿಲ್ಲ. ಕೀಬೋರ್ಡ್ ಬಿಡಿಯಾಗಿ ಬರುತ್ತದೋ, ರ‍್ಯಾಮ್ ಆಮೇಲೆ ಹಾಕಲು ಜಾಗ ಇದೆಯೋ, ಅಷ್ಟು ಕೇಳುತ್ತೇನೆ. ಶರಬತ್ತಿನ ಲೋಟ ಈಗ ಬಲಗಡೆ, ಮಣೆಯಿಂದ ಒಂದು ಮೊಳ ದೂರ.

ಹೊಸ ಕೀಬೋರ್ಡಿನಲ್ಲಿ ಎಫ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾನು ಮಾತ್ರ ಕ್ಯಾಪ್ಸ್ ಲಾಕನ್ನು ವಾಪಸ್ ಕೊಡಲಿಲ್ಲ, ಎರಡೂ ಎಫ್. ಮೊನ್ನೆ ಕಾಲೇಜಿಗೆ ರಜೆ ಅಂತ ಮಗಳು ಬಂದಿದ್ದಳು. ಏನೋ ಫಾರಂ ತುಂಬುತ್ತ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಲು ಹೋದಳು. ಜಗಲಿಯಿಂದ ‘ಅಮ್ಮಾ, ಇದೆಂತ ಬರೀ ಎಫ್ ಎಫ್ ಎಫ್!’ ಅಂತ ಕೂಗು. ಶಿಫ್ಟ್ ಒತ್ತಿಕೊಂಡು ಬರಿ ಅಂದೆ. ನಾಲ್ಕನೇ ನೋಟ್‌ಬುಕ್ ನಡೀತಾ ಇದೆ, ಇನ್ನೂ ಏಳು ಬಾಕಿ. ಅಲ್ಲಿವರೆಗೆ ಆ ಕೀ ನನ್ನದು.