ಅಣಬೆ ಪುಡಿ, ಅವ್ವನ ಎಲುಬು ಮತ್ತು ಒಂದು ದವಡೆ ಹಲ್ಲು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಡೆದ ಉಚಿತ ಎಲುಬು ತಪಾಸಣಾ ಶಿಬಿರಕ್ಕೆ ಅವ್ವನನ್ನು ಕರೆದೊಯ್ದವನು ನಾನೇ ಆದ್ದರಿಂದ, ಮುಂದೆ ನಡೆದುದರಲ್ಲಿ ನನ್ನ ತಪ್ಪೂ ಇದೆ. ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿರಿಸಿ, ಎರಡು ನಿಮಿಷದಲ್ಲಿ ‘ಎಲುಬು ಬಹಳ ಸವೆದಿದೆ’ ಎಂಬ ಚೀಟಿ ಕೊಟ್ಟರು. ಎಲುಬು ಸವೆತವನ್ನು ಖಚಿತಪಡಿಸುವುದು ಸೊಂಟ ಮತ್ತು ಬೆನ್ನೆಲುಬಿನ ಡೆಕ್ಸಾ ಸ್ಕ್ಯಾನ್, ಅಂದರೆ ಎಲುಬಿನ ಸಾಂದ್ರತೆಯನ್ನು ಅಳೆಯುವ ಎಕ್ಸ್-ರೇ. ಹಿಮ್ಮಡಿಯ ಪರೀಕ್ಷೆ ಅಂದಾಜು ಮಾತ್ರ. ಅವ್ವನಿಗೆ ಆ ಸ್ಕ್ಯಾನ್ ಮೊದಲೇ ಆಗಿತ್ತು, ಎಲುಬು ಸವೆಯುವುದನ್ನು ತಡೆಯುವ ಅಲೆಂಡ್ರೊನೇಟ್ ಗುಳಿಗೆಯೂ ವಾರಕ್ಕೊಂದು 70 ಮಿಲಿಗ್ರಾಂ ನಡೆದಿತ್ತು.

ಅಲ್ಲಿದ್ದ ಮಾರಾಟಗಾರ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನಾವು ಮೋಸ ಹೋಗುತ್ತಿರಲಿಲ್ಲ. “ಆ ಗುಳಿಗಿ ದವಡಿ ಎಲುಬು ಕೊಳಸ್ತದರಿ ಅಮ್ಮಾರ, ಇದು ಔಷಧ ಅಲ್ಲ, ಆಹಾರ” ಎಂದು ಅವನು ರೇಷಿ ಮತ್ತು ಶಿಟಾಕೆ ಅಣಬೆಗಳ ಪುಡಿಯ ಡಬ್ಬಿ ತೋರಿಸಿದ. ಅಲೆಂಡ್ರೊನೇಟ್ ಸೇವಿಸುವವರಲ್ಲಿ ದವಡೆಯ ಎಲುಬು ಸಾಯುವುದು ಉಂಟು, ಆದರೆ ಎಲುಬು ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅದು ಅತಿ ವಿರಳ. ಬಿಸಿಲಿನ ಅತಿನೇರಳೆ ಕಿರಣ ತಾಗಿದ ಅಣಬೆಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತು ಡಿ2 ಜೀವಸತ್ವವಾಗುವುದೂ ನಿಜ. ಅಂಡಾಶಯ ತೆಗೆದ ಇಲಿಗಳಲ್ಲಿ ರೇಷಿ ಎಲುಬಿನ ಸಾಂದ್ರತೆಯನ್ನು ಕಾಯ್ದ ಪ್ರಯೋಗವೂ, ಶಿಟಾಕೆಯ ಸಾರ ಹಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಕುಗ್ಗಿಸಿದ ಪ್ರಯೋಗವೂ ನಡೆದಿವೆ. ಇಲಿಯಲ್ಲಿ ಕಂಡದ್ದು ಎಪ್ಪತ್ತರ ಹೆಂಗಸಿನ ಸೊಂಟದಲ್ಲಿ ಕಾಣುತ್ತದೆಯೇ ಎಂದು ಕೇಳಬೇಕಿದ್ದ ನಾನು, ಮೂರು ಡಬ್ಬಿಗೆ 6,500 ರೂಪಾಯಿ ಎಣಿಸಿದೆ.

ಅವ್ವ ಅಂದಿನಿಂದಲೇ ಗುಳಿಗೆ ಬಿಟ್ಟಳು, ನನಗೆ ಹೇಳಲಿಲ್ಲ. ಎರಡು ತಿಂಗಳ ನಂತರ ಅಲುಗುತ್ತಿದ್ದ ದವಡೆ ಹಲ್ಲನ್ನು ಕೀಳಿಸಲು ಧಾರವಾಡಕ್ಕೆ ಹೋದೆವು. ಹೃದಯದ ಸಲುವಾಗಿ ದಿನವೂ 75 ಮಿಲಿಗ್ರಾಂ ಆಸ್ಪಿರಿನ್ ಸೇವಿಸುವುದನ್ನು ದಂತವೈದ್ಯರಿಗೆ ತಿಳಿಸಿದೆವು. ಅಣಬೆ ಪುಡಿಯನ್ನು ತಿಳಿಸಲಿಲ್ಲ, ಆಹಾರವನ್ನು ಯಾರು ವೈದ್ಯರಿಗೆ ಹೇಳುತ್ತಾರೆ? ಬೆಳಿಗ್ಗೆ ಕಿತ್ತ ಹಲ್ಲಿನ ಜಾಗದಿಂದ ಸಂಜೆಯವರೆಗೂ ರಕ್ತ ಒಸರುತ್ತಲೇ ಇತ್ತು. ಅರಿವೆಯ ಉಂಡೆ ಕಚ್ಚಿಸಿ ಕೂರಿಸಿದರೂ ನಿಲ್ಲದೆ, ಮತ್ತೆ ಹೋಗಿ ಹೊಲಿಗೆ ಹಾಕಿಸಬೇಕಾಯಿತು. ಆಗ “ಬೇರೆ ಏನಾದರೂ ತೊಗೋತೀರೇನ್ರಿ?” ಎಂದು ವೈದ್ಯರು ಎರಡನೇ ಸಲ ಕೇಳಿದ ಮೇಲೆ ಡಬ್ಬಿಯ ಸುದ್ದಿ ಹೊರಬಿತ್ತು. ರೇಷಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು, ಆಸ್ಪಿರಿನ್ ಜೊತೆ ಸೇರಿದರೆ ಅಪಾಯ ಹೆಚ್ಚಬಹುದು ಎಂದರು. ಆ ದಿನದ ರಕ್ತಸ್ರಾವಕ್ಕೆ ಅದೊಂದೇ ಕಾರಣವೆಂದು ಮಾತ್ರ ಹೇಳಲಿಲ್ಲ. ರೇಷಿ ಪುಡಿ ತಿಂದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳಿವೆಯೆಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಪುಣ್ಯಕ್ಕೆ ಅದು ಸರಿಯಿತ್ತು. ಅಲುಗುವ ಹಲ್ಲಿಗೆ ಮೂಲವಾಗಿದ್ದುದು ವಸಡಿನ ಕೆಳಗೆ ಹಲ್ಲಿಗಂಟಿ ಗಟ್ಟಿಯಾಗಿದ್ದ ಗಾರೆ (ಟಾರ್ಟರ್). ಅದನ್ನು ಉಪಕರಣದಿಂದ ಕೆರೆದು ತೆಗೆಯಬೇಕೇ ಹೊರತು ಯಾವ ಪುಡಿಯೂ ಕರಗಿಸುವುದಿಲ್ಲ.

ಅಲೆಂಡ್ರೊನೇಟ್ ಎಲುಬಿನಲ್ಲಿ ಬಹುಕಾಲ ಉಳಿಯುವುದರಿಂದ ಎರಡು ತಿಂಗಳ ಬಿಡುವು ದೊಡ್ಡ ನಷ್ಟವಲ್ಲ ಎಂದು ವೈದ್ಯರು ಸಮಾಧಾನ ಹೇಳಿ, ಗುಳಿಗೆಯನ್ನು ಮತ್ತೆ ಆರಂಭಿಸಿದರು.

ಮನೆಗೆ ಬಂದು ಡಬ್ಬಿಯನ್ನು ಕನ್ನಡಕ ಹಾಕಿ ಓದಿದೆ. ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆ ದೊಡ್ಡದಾಗಿತ್ತು, ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಅಂಚಿನಲ್ಲಿ ಅಡಗಿತ್ತು. ಆ ಸಂಖ್ಯೆ ಪುಡಿಯಿಂದ ಗುಣವಾಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಉಳಿದ ಒಂದು ಡಬ್ಬಿಯನ್ನು ಹಿಂದಿರುಗಿಸಲು ಹೋದರೆ ಶಿಬಿರದವರ ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ರಸೀದಿ ಹುಡುಕಿದರೆ ಸಿಕ್ಕಿದ್ದು, ಹೆಸರಾಗಲಿ ವಿಳಾಸವಾಗಲಿ ಇಲ್ಲದ, ಪೆನ್ನಿನಲ್ಲಿ ಮೊತ್ತವನ್ನಷ್ಟೇ ಬರೆದಿದ್ದ ಹಿಮ್ಮಡಿ ಪರೀಕ್ಷೆಯ ಅದೇ ಚೀಟಿ.